ಸೇನಾ ವೆಚ್ಚದ ಕಡಿತ: ಕತ್ತರಿ ಎಲ್ಲಿ ಆಡಬೇಕು?

(ವಿಜಯಪುರದಲ್ಲಿ ಗಿರಣಿ ಕೆಲಸಗಾರರ ಮತ್ತು ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ ನಮ್ಮ ಪಕ್ಷದ ಸಂಘಟಕರು ಮಾಡಿದ ಭಾಷಣ. ಟಿಕೋಟಾ ಮತ್ತು ಬಬಲೇಶ್ವರದ ಸಭೆಗಳಲ್ಲಿ ಜನರು ಕೇಳಿದ ಪ್ರಶ್ನೆಗಳನ್ನೂ ಅವುಗಳಿಗೆ ಕೊಟ್ಟ ಉತ್ತರಗಳನ್ನೂ ಇದರಲ್ಲಿಯೇ ಸೇರಿಸಿದೆ. – ಸಂ.)



ಇಂದು ನಾವು ಮಾತಾಡಬೇಕಾಗಿರುವುದು ದೇಶದ ಸೇನಾ ಖರ್ಚಿನ ಮೇಲೆ. ಪಗಾರದ ಮೇಲೆ, ತೆರಿಗೆಯ ಮೇಲೆ, ಕುಡಿಯುವ ನೀರಿನ ಮೇಲೆ ಸಭೆ ಕರೆದರೆ ಜನ ತಾವಾಗಿಯೇ ಕೂಡುತ್ತಾರೆ. ಸೇನೆಯ ಮಾತು ಬಂದರೆ, "ಅದು ದಿಲ್ಲಿಯವರ ವಿಚಾರ, ನಮಗೇಕೆ?" ಎಂದು ಎದ್ದು ಹೋಗುವವರೇ ಹೆಚ್ಚು. ಆದರೆ ಪಗಾರ, ತೆರಿಗೆ, ನೀರು ಈ ಮೂರಕ್ಕೂ ಈ ಖರ್ಚಿಗೂ ಗಂಟು ಬಿದ್ದಿದೆ. ಆ ಗಂಟನ್ನು ಬಿಚ್ಚಿ ನೋಡುವುದೇ ಇಂದಿನ ಕೆಲಸ.

ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ಸೇನೆಯೇ ಬೇಡ ಎನ್ನುವ ಪಕ್ಷ ನಮ್ಮದಲ್ಲ. ಈ ಜಿಲ್ಲೆಯ ಒಣಬೇಸಾಯದ ಮನೆಗಳಿಂದ ಹುಡುಗರು ಸೇನೆಗೆ ಹೋಗಿದ್ದಾರೆ, ಹೋಗುತ್ತಿದ್ದಾರೆ. 1962ರ ಯುದ್ಧದ ಮರುವರ್ಷ, 1963ರಲ್ಲಿ, ಇದೇ ಊರಿನಲ್ಲಿ ಸೈನಿಕ ಶಾಲೆ ತೆರೆಯಿತು. ಗಡಿ ಕಾಯುವವನ ಮೇಲೆ ನಮಗೆ ಗೌರವವಿದೆ. ನಾವು ಕೇಳುವುದು ಇಷ್ಟೇ: ಸೇನಾ ಖರ್ಚು ಕಡಿಮೆ ಮಾಡಬೇಕೆಂದಾಗ ಕತ್ತರಿ ಎಲ್ಲಿ ಆಡಬೇಕು? ಇದುವರೆಗೆ ಅದು ಎಲ್ಲಿ ಆಡಿದೆ? ತೆರಿಗೆ ಕೊಡುವವರಿಗೆ, ಮಗನನ್ನು ಕಳಿಸುವವರಿಗೆ ಇದನ್ನು ಕೇಳುವ ಹಕ್ಕಿದೆಯೋ ಇಲ್ಲವೋ?

ಕೀರ್ದಿಯ ಪುಟ

ಅಂಗಡಿಕಾರ ಬಂಧುಗಳಿಗೆ ಕೀರ್ದಿ ಓದುವುದನ್ನು ಯಾರೂ ಕಲಿಸಬೇಕಾಗಿಲ್ಲ. ದಿಲ್ಲಿಯ ಕೀರ್ದಿಯನ್ನೂ ಹಾಗೆಯೇ ಓದೋಣ. ಕೇಂದ್ರ ಸರಕಾರದ 2025-26ರ ಮುಂಗಡಪತ್ರದಲ್ಲಿ ರಕ್ಷಣಾ ಖಾತೆಗೆ ಇಟ್ಟ ಹಣ 6 ಲಕ್ಷ 81 ಸಾವಿರದ 210 ಕೋಟಿ ರೂಪಾಯಿ. ಕೇಂದ್ರವು ಖರ್ಚು ಮಾಡುವ ನೂರು ರೂಪಾಯಿಯಲ್ಲಿ ಸುಮಾರು ಹದಿಮೂರೂವರೆ ರೂಪಾಯಿ ಇದಕ್ಕೇ ಹೋಯಿತು. ಕೋಟಿ ಎಂದರೆ ಬಡವನಿಗೆ ತಿಳಿಯುವುದಿಲ್ಲ, ಆದುದರಿಂದ ಹಂಚಿ ನೋಡೋಣ. ದೇಶದ ಜನ ಸುಮಾರು 145 ಕೋಟಿ ಎಂದು ಹಿಡಿದರೆ ತಲೆಗೆ 4,700 ರೂಪಾಯಿ ಬರುತ್ತದೆ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಒಬ್ಬ ಮುದುಕಿ ಇರುವ ಮನೆಗೆ 23,500. ಇಡೀ ದೇಶಕ್ಕೆ ದಿನವೊಂದಕ್ಕೆ 1,866 ಕೋಟಿ.

ಅದೇ ಪುಸ್ತಕದಲ್ಲಿ ಶಿಕ್ಷಣ ಖಾತೆಗೆ ಇಟ್ಟದ್ದು 1 ಲಕ್ಷ 28 ಸಾವಿರದ 650 ಕೋಟಿ. ಹಳ್ಳಿಯ ಉದ್ಯೋಗ ಖಾತ್ರಿಗೆ ಇಟ್ಟದ್ದು 86 ಸಾವಿರ ಕೋಟಿ. ಎಂದರೆ, ಬರ ಬಿದ್ದಾಗ ಟಿಕೋಟಾದ ಕೂಲಿಕಾರನಿಗೆ ಕೆಲಸ ಕೊಡಬೇಕಾದ ಖಾತೆಯ ಸುಮಾರು ಎಂಟು ಪಟ್ಟು ಹಣ ರಕ್ಷಣಾ ಖಾತೆಯಲ್ಲಿತ್ತು.

"ನಾನು ಆದಾಯ ತೆರಿಗೆ ಕೊಡುವವನಲ್ಲ, ಈ ಖರ್ಚಿನಲ್ಲಿ ನನ್ನದೇನು ಪಾಲು?" ಎಂದು ಹಮಾಲಿ ಮಾಡುವ ತಮ್ಮ ಕೇಳಬಹುದು. ಅವನ ಪಾಲೂ ಇದೆ. ಸೋಪು ಕೊಂಡರೆ, ಚಪ್ಪಲಿ ಕೊಂಡರೆ, ಮೊಬೈಲಿಗೆ ದುಡ್ಡು ಹಾಕಿದರೆ ಜಿ.ಎಸ್.ಟಿ. ಇದೆ. ಬಸ್ಸಿನ ಡೀಸೆಲ್ಲಿನಲ್ಲಿ ಸುಂಕವಿದೆ. ಸಾಹುಕಾರನೂ ಹಮಾಲನೂ ಒಂದು ಸೋಪಿಗೆ ಒಂದೇ ತೆರಿಗೆ ಕೊಡುತ್ತಾರೆ. ಅಂಗಡಿಕಾರ ಆ ತೆರಿಗೆಯನ್ನು ವಸೂಲು ಮಾಡಿ, ಲೆಕ್ಕ ಬರೆದು, ತಡವಾದರೆ ದಂಡವನ್ನೂ ತೆತ್ತು ಸರಕಾರಕ್ಕೆ ಮುಟ್ಟಿಸುತ್ತಾನೆ. ಕೊಡುವವರ ಲೆಕ್ಕ ಪೈಸೆಗೆ ಪೈಸೆ ಸರಿಯಿರಬೇಕೆಂದು ಹೇಳುವ ಸರಕಾರ, ಖರ್ಚಿನ ಲೆಕ್ಕವನ್ನೂ ಹಾಗೆಯೇ ತೋರಿಸಬೇಕಲ್ಲವೆ?

ಇನ್ನು ಆ ಮೊತ್ತದ ಒಳಗೆ ಇಣುಕಿ ನೋಡಿ. 1 ಲಕ್ಷ 60 ಸಾವಿರದ 795 ಕೋಟಿ ನಿವೃತ್ತ ಸೈನಿಕರ ಪೆನ್ಶನ್ನು. 1 ಲಕ್ಷ 80 ಸಾವಿರ ಕೋಟಿ ಹೊಸ ವಿಮಾನ, ಹಡಗು, ತೋಪು ಮೊದಲಾದವುಗಳ ಖರೀದಿಗೆ. ಉಳಿದುದರಲ್ಲಿ ಹೆಚ್ಚಿನ ಪಾಲು ಪಗಾರ, ಊಟ, ಬಟ್ಟೆ, ಎಣ್ಣೆ, ದುರಸ್ತಿಗೆ. ಪೆನ್ಶನ್ನು, ಖರೀದಿ, ದಿನದ ಖರ್ಚು ಈ ಮೂರು ಕಲಮುಗಳನ್ನು ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತವೆ.

ತೋಪೂ ಕೆರೆಯೂ

ಈ ಚರ್ಚೆಗೆ ನಾವು ದಿಲ್ಲಿಗಿಂತ ಮೊದಲು ನಮ್ಮ ಊರಿನ ಷೇರ್ಜಾ ಬುರುಜಿಗೆ ಹೋಗಬೇಕು. ಅಲ್ಲಿ ಮಲಿಕ್-ಎ-ಮೈದಾನ್ ತೋಪು ಇದೆ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು. ತೂಕ ಸುಮಾರು 55 ಟನ್ನು. ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ, 1632ರಲ್ಲಿ, ಅದನ್ನು ಪರಂಡೆಯ ಕೋಟೆಯಿಂದ ಇಲ್ಲಿಗೆ ಎಳೆದು ತಂದರು. ಅಷ್ಟು ಭಾರವನ್ನು ಆ ಕಾಲದ ಹಾದಿಯಲ್ಲಿ ಎಳೆಯಲು ಎಷ್ಟು ಎತ್ತು, ಎಷ್ಟು ಆಳು ಬೇಕಾಗಿದ್ದಿರಬೇಕು, ನೀವೇ ಊಹಿಸಿರಿ.

ಅದೇ ಸುಲ್ತಾನ ಮರುವರ್ಷ, 1633ರಲ್ಲಿ, ಬಬಲೇಶ್ವರದ ಕಡೆ ಮಮದಾಪುರದಲ್ಲಿ ದೊಡ್ಡ ಕೆರೆ ಕಟ್ಟಿಸಿದ. 1651ರಲ್ಲಿ ಬೇಗಂ ತಲಾಬು ಕಟ್ಟಿಸಿ ಮಣ್ಣಿನ ಕೊಳವೆಗಳಲ್ಲಿ ನಗರಕ್ಕೆ ನೀರು ಹರಿಸಿದ. ಒಬ್ಬನೇ ದೊರೆ, ಒಂದೇ ಖಜಾನೆ. ಒಂದು ಕೈಯಿಂದ ತೋಪಿಗೆ ಕೊಟ್ಟ, ಇನ್ನೊಂದು ಕೈಯಿಂದ ನೀರಿಗೆ ಕೊಟ್ಟ.

ಆಮೇಲೆ ಆದದ್ದೇನು? 1685ರಲ್ಲಿ ಔರಂಗಜೇಬನ ದಂಡು ಬಂದು ಬಿಜಾಪುರವನ್ನು ಮುತ್ತಿತು. ಗೋಡೆ ಗಟ್ಟಿಯಿತ್ತು, ತೋಪು ಬುರುಜಿನ ಮೇಲಿತ್ತು. ಆದರೆ ಒಳಗೆ ಕಾಳು ತೀರಿತು, ಮೇವು ತೀರಿತು. ಮನುಷ್ಯರೂ ಕುದುರೆಗಳೂ ಹಸಿವಿನಿಂದ ಸತ್ತರು. 1686ರ ಸೆಪ್ಟೆಂಬರಿನಲ್ಲಿ ಕೋಟೆಯ ಬೀಗದ ಕೈ ಒಪ್ಪಿಸಬೇಕಾಯಿತು. ಹೊಟ್ಟೆಗೆ ಕಾಳಿಲ್ಲದ ಕೋಟೆಯನ್ನು 55 ಟನ್ನಿನ ತೋಪೂ ಉಳಿಸಲಿಲ್ಲ.

ವ್ಯಾಪಾರಸ್ಥ ಬಂಧುಗಳು ಮುಂದಿನ ಮಾತನ್ನು ಗಮನವಿಟ್ಟು ಕೇಳಬೇಕು. 1854ರಲ್ಲಿ ಇಂಗ್ರಜಿ ಅಧಿಕಾರಿಗಳು ಈ ತೋಪನ್ನು ಕೆಲಸಕ್ಕೆ ಬಾರದ ಹಳೆಯ ಸಾಮಾನೆಂದು ಬಗೆದು ಲಿಲಾವಿಗೆ ಇಟ್ಟರು. ಬಂದ ಅತಿ ಹೆಚ್ಚಿನ ಸವಾಲು 150 ರೂಪಾಯಿ! ಬೆಲೆ ತೀರ ಕಡಿಮೆಯಾಯಿತೆಂದೂ, ಜನ ಅದನ್ನು ಪೂಜಿಸುತ್ತಾರೆಂದೂ ಲಿಲಾವು ರದ್ದಾಯಿತು. ಇಲ್ಲವಾದರೆ ಮೈದಾನದ ಅರಸ ಯಾವುದೋ ಕಂಚುಗಾರನ ಕುಲುಮೆಯಲ್ಲಿ ಕೊಡ ತಂಬಿಗೆಯಾಗುತ್ತಿದ್ದ. ಮಮದಾಪುರದ ಕೆರೆಯನ್ನು ಮಾತ್ರ ಯಾರೂ ಲಿಲಾವಿಗೆ ಇಡಲಿಲ್ಲ. ಈಚಿನ ವರ್ಷಗಳಲ್ಲಿ ಏತ ನೀರಾವರಿಯಿಂದ ಕೃಷ್ಣೆಯ ನೀರನ್ನು ಅದೇ ಕೆರೆಗೆ ತುಂಬಿಸಿದರು. ಸುಮಾರು 390 ವರ್ಷದ ಹಿಂದೆ ಹಾಕಿದ ಬಂಡವಾಳ ಇನ್ನೂ ಉತ್ಪನ್ನ ಕೊಡುತ್ತಿದೆ.

ಆಯುಧ ಹಳತಾಗುತ್ತದೆ. ಅದು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಹಳತಾಗುವ ಸಾಮಾನಿಗೆ ಹಣ ಹಾಕುವಾಗ ಶಾಣ್ಯಾ ವ್ಯಾಪಾರಿ ಎಷ್ಟು ಎಚ್ಚರದಿಂದ ಇರುತ್ತಾನೋ ಅಷ್ಟು ಎಚ್ಚರ ಸರಕಾರಕ್ಕೂ ಇರಬೇಕು.

ಬರಗಾಲದ ನಿಧಿ ಯುದ್ಧಕ್ಕೆ ಹೋದ ಕಥೆ

1876ರಿಂದ 78ರವರೆಗಿನ ಬರ ಈ ಭಾಗದ ಮನೆಮನೆಯನ್ನೂ ಮುಟ್ಟಿತು. ಆಗ ನಮ್ಮದು ಕಲಾದಗಿ ಜಿಲ್ಲೆ. 1872ರ ಖಾನೇಸುಮಾರಿಯಲ್ಲಿ ಎಂಟು ಲಕ್ಷಕ್ಕೂ ಮಿಕ್ಕಿದ್ದ ಜನ 1881ರಲ್ಲಿ 6 ಲಕ್ಷ 38 ಸಾವಿರಕ್ಕೆ ಇಳಿದರು. ಹೆಚ್ಚೂಕಡಿಮೆ ಐದರಲ್ಲಿ ಒಬ್ಬರು ಇಲ್ಲವಾದರು. ಕೆಲವರು ಸತ್ತರು, ಕೆಲವರು ಊರು ಬಿಟ್ಟು ಹೋದರು.

ಬರ ಮುಗಿದ ಮೇಲೆ ವೈಸರಾಯ್ ಲಿಟ್ಟನ್ನನ ಸರಕಾರ, ಇನ್ನು ಮುಂದೆ ಬರ ಬಂದರೆ ಇರಲಿ ಎಂದು ಒಂದು ನಿಧಿ ಕೂಡಿಸಲು ಹೊರಟಿತು. ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿ. ಅದಕ್ಕಾಗಿ 1878ರಲ್ಲಿ ವ್ಯಾಪಾರಿಗಳ ಮೇಲೆ, ಕುಶಲಕರ್ಮಿಗಳ ಮೇಲೆ ಲೈಸನ್ಸ್ ತೆರಿಗೆ ಹೇರಿದರು. ಸೂರತ್ತಿನಲ್ಲಿ ವ್ಯಾಪಾರಿಗಳು ಅಂಗಡಿ ಮುಚ್ಚಿದರು, ಗಲಭೆಯಾಯಿತು. ಆದರೂ ತೆರಿಗೆ ನಿಂತಿತು. ಅದೇ ವರ್ಷದ ಕೊನೆಗೆ ಅಫಘಾನಿಸ್ತಾನದ ಮೇಲೆ ಯುದ್ಧ ಶುರುವಾಯಿತು. ಬರಗಾಲದ ಹೆಸರಿನಲ್ಲಿ ಕೂಡಿಸಿದ ಹಣ ಬರಗಾಲದ ಕೆಲಸಕ್ಕೆ ಉಳಿಯಲಿಲ್ಲ. ಯುದ್ಧದ ಖರ್ಚಿನಲ್ಲಿ ಸೇರಿಹೋಯಿತು. ಈ ಮೋಸವನ್ನು ಹಿಂದುಸ್ತಾನದಲ್ಲಿಯೂ ವಿಲಾಯತಿಯಲ್ಲಿಯೂ ಜನ ಬಹಿರಂಗವಾಗಿ ಟೀಕಿಸಿದರು.

ಇಲ್ಲಿಂದಲೇ ನಮ್ಮ ರಾಷ್ಟ್ರೀಯ ಚಳವಳಿಯ ಒಂದು ಬೇಡಿಕೆ ಹುಟ್ಟಿ ಬೆಳೆಯಿತು. 1885ರಲ್ಲಿ ಮುಂಬಯಿಯಲ್ಲಿ ಸೇರಿದ ಕಾಂಗ್ರೆಸ್ಸಿನ ಮೊಟ್ಟಮೊದಲ ಅಧಿವೇಶನ, ಸೇನಾ ವೆಚ್ಚ ಏರಿಸುವುದು ಅನವಶ್ಯಕವೆಂದು ಠರಾವು ಮಾಡಿತು. ಗೋಖಲೆಯವರು 1902ರಿಂದ ಮುಂಗಡಪತ್ರದ ಭಾಷಣಗಳಲ್ಲಿ ಅದನ್ನೇ ಎತ್ತಿ ಹೇಳಿದರು. 1930ರ ಜನವರಿಯಲ್ಲಿ ಗಾಂಧೀಜಿ ಸರಕಾರದ ಮುಂದೆ ಇಟ್ಟ ಹನ್ನೊಂದು ಬೇಡಿಕೆಗಳಲ್ಲಿ ಉಪ್ಪಿನ ಕರ ತೆಗೆಯಬೇಕೆಂಬುದರ ಜೊತೆಗೆ ಸೇನಾ ವೆಚ್ಚವನ್ನು ಅರ್ಧಕ್ಕೆ ಇಳಿಸಬೇಕೆಂಬುದೂ ಇತ್ತು. 1931ರ ಕರಾಚಿ ಠರಾವಿನಲ್ಲಿಯೂ ಅದು ಬಂತು. ಸೇನಾ ವೆಚ್ಚದ ಲೆಕ್ಕ ಕೇಳುವುದು ದೇಶದ್ರೋಹವೆನ್ನುವವರು ಮೊದಲು ಗೋಖಲೆ, ಗಾಂಧಿಯವರಿಗೆ ಆ ಹೆಸರು ಕೊಟ್ಟು ಬರಲಿ.

1962: ಮುಚ್ಚಿಡಬಾರದ ಪಾಠ

"ಅದು ಪರರ ಸರಕಾರ, ಪರರ ಸೇನೆ. ಈಗ ನಮ್ಮದೇ ಅಲ್ಲವೆ?" ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ಆಚಾರ್ಯ ಕೃಪಲಾನಿಯವರು 1950ರ ದಶಕದಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದಲ್ಲಿದ್ದಾಗ, ಗಾಂಧಿಯ ದೇಶದಲ್ಲಿ ಸೇನೆಯ ಖರ್ಚು ಏಕೆ ಏರುತ್ತಿದೆ ಎಂದು ಲೋಕಸಭೆಯಲ್ಲಿ ಕೇಳಿದರು. ಕೆಲವೇ ವರ್ಷಗಳಲ್ಲಿ ಚೀನಾದ ಗಡಿಯ ಸುದ್ದಿ ಬಂದಾಗ, ಸೇನೆಯನ್ನು ಅಣಿಗೊಳಿಸಲಿಲ್ಲವೆಂದು ರಕ್ಷಣಾ ಮಂತ್ರಿ ಕೃಷ್ಣ ಮೆನನ್ನರನ್ನು ತರಾಟೆಗೆ ತೆಗೆದುಕೊಂಡವರೂ ಅವರೇ. ಎರಡೂ ಮಾತು ಒಂದೇ ಬಾಯಿಂದ ಬಂದವು. ಆ ಎರಡರಲ್ಲಿಯೂ ಸತ್ಯವಿತ್ತು ಎಂಬುದೇ ಈ ವಿಷಯದ ಕಷ್ಟ.

1962ರ ಅಕ್ಟೋಬರಿನಲ್ಲಿ ಹಿಮಾಲಯಕ್ಕೆ ಹೋದ ನಮ್ಮ ಸಿಪಾಯಿಗಳಲ್ಲಿ ಎಷ್ಟೋ ಮಂದಿಯ ಮೈಮೇಲೆ ಬಯಲುಸೀಮೆಯ ಹತ್ತಿಯ ಬಟ್ಟೆ, ಕಾಲಲ್ಲಿ ಕ್ಯಾನ್ವಾಸ್ ಬೂಟು. ಗುಂಡು ಸಾಲಲಿಲ್ಲ, ಹಾಸಿಗೆ ಸಾಲಲಿಲ್ಲ. ಕಡಿತದ ಮಾತಾಡುವವರು ಈ ಚಿತ್ರವನ್ನು ಮರೆಯಬಾರದು.

ಮರುವರ್ಷ, 1963-64ರ ಮುಂಗಡಪತ್ರದಲ್ಲಿ, ರಕ್ಷಣೆಗೆ 867 ಕೋಟಿ ರೂಪಾಯಿ ಇಟ್ಟರು. ಹಿಂದಿನ ವರ್ಷದ ಮೂಲ ಅಂದಾಜಿನ ಎರಡು ಪಟ್ಟಿಗೂ ಮೇಲೆ. ಆ ಹಣ ಎಲ್ಲಿಂದ ಬಂತು? ಜನ ತಾವಾಗಿ ಕೊಟ್ಟರು. ಹೆಣ್ಣುಮಕ್ಕಳು ಬಳೆ ಬಿಚ್ಚಿ ಕೊಟ್ಟರು. ಅದರ ಮೇಲೆ ಸಂಬಳದಾರ, ಜಮೀನಿನ ತೀರುವೆ ಕೊಡುವ ರೈತ, ಸಣ್ಣ ವ್ಯಾಪಾರಿ ಎಲ್ಲರಿಂದಲೂ ಕಡ್ಡಾಯ ಠೇವಣಿ ಎಂದು ಕಿತ್ತುಕೊಳ್ಳುವ ಯೋಜನೆ ಬಂತು. ವಿರೋಧ ಎಷ್ಟಾಯಿತೆಂದರೆ ಅದೇ ವರ್ಷ ಅದನ್ನು ಬಹುಮಟ್ಟಿಗೆ ಹಿಂದೆ ತೆಗೆದುಕೊಳ್ಳಬೇಕಾಯಿತು. 1963ರ ಜನವರಿಯಲ್ಲಿ ಬಂಗಾರ ನಿಯಂತ್ರಣ ಬಂತು. 14 ಕ್ಯಾರೆಟ್ಟಿಗಿಂತ ಮೇಲಿನ ಬಂಗಾರದಲ್ಲಿ ಒಡವೆ ಮಾಡಕೂಡದು ಎಂದರು. ಪತ್ತಾರ ಬಂಧುಗಳ ಕುಲುಮೆ ಆರಿತು. ದೇಶದಲ್ಲಿ ಎಷ್ಟೋ ಮನೆಗಳು ಬೀದಿಗೆ ಬಿದ್ದವು. 1968ರಲ್ಲಿ ಕಾನೂನೇ ಆದ ಆ ನಿಯಂತ್ರಣ ರದ್ದಾದದ್ದು 1990ರಲ್ಲಿ.

ಅದೇ 1963ರ ಆಗಸ್ಟಿನಲ್ಲಿ ಲೋಕಸಭೆಯಲ್ಲಿ ಡಾ. ರಾಮಮನೋಹರ ಲೋಹಿಯಾ ಎದ್ದು ನಿಂತು, ಈ ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ ಎಂದರು. ಸರಕಾರ ಹದಿನೈದಾಣೆ ಎಂದಿತು. ಮೂರಾಣೆಯೋ ಹದಿನೈದಾಣೆಯೋ ಎಂಬ ಆ ವಾದ ದೇಶದ ಮೂಲೆಮೂಲೆಗೂ ಮುಟ್ಟಿತು. ಲೋಹಿಯಾ ಅವರು ಗಡಿಯನ್ನು ಬಿಟ್ಟುಕೊಡಿ ಎಂದವರಲ್ಲ. ಚೀನಾದ ಪಾಲಾದ ನೆಲದ ಬಗ್ಗೆ ಸರಕಾರವನ್ನು ಬೆನ್ನು ಬಿಡದೆ ಕೇಳಿದವರು. ಅವರೇ ಮೂರಾಣೆಯ ಲೆಕ್ಕವನ್ನೂ ಕೇಳಿದರು. ದೇಶ ಕಾಯುವುದೂ ಬಡವನ ಲೆಕ್ಕ ಕೇಳುವುದೂ ಒಂದಕ್ಕೊಂದು ವಿರೋಧವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಕತ್ತರಿ ಆಡಿದ್ದು ಎಲ್ಲಿ?

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇವೆ. ಬಬಲೇಶ್ವರದ ಸಭೆಯಲ್ಲಿ ತಾಯಿಯೊಬ್ಬರು ಕೇಳಿದರು: "ಖರ್ಚು ಕಡಿಮೆ ಮಾಡಿ ಅಂತೀರಿ. ನನ್ನ ಮಗ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಓಡುತಾನು, ಮಿಲಿಟರಿಗೆ ಸೇರಬೇಕಂತ. ಅವನ ನೌಕರಿಯನ್ನೇ ಕಡಿಮೆ ಮಾಡಂತೀರೇನು?"

ಇಡೀ ಚರ್ಚೆಯ ನಡುಗಂಬ ಈ ಪ್ರಶ್ನೆಯೇ. ಮಳೆ ನಂಬಿದ ಹೊಲ, ಊರಲ್ಲಿ ಕಾರಖಾನೆ ಇಲ್ಲ. ಓದಿದ ಹುಡುಗನಿಗೆ ಪೆನ್ಶನ್ನು ಇರುವ ನೌಕರಿ ಎಂದರೆ ಸೇನೆ. ಸಾಹುಕಾರನ ಮಗ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಸಿಪಾಯಿಯಾಗಲು ಓಡುವುದಿಲ್ಲ. ಆದುದರಿಂದ ಸೇನೆಯ ಕೀರ್ದಿಯಲ್ಲಿ ಬಡವನ ಹೆಸರು ಎರಡು ಕಡೆ ಇದೆ: ತೆರಿಗೆ ಕೊಡುವ ಕಡೆಯಲ್ಲಿ ಒಮ್ಮೆ, ಮಗನನ್ನು ಕೊಡುವ ಕಡೆಯಲ್ಲಿ ಒಮ್ಮೆ.

ಆ ತಾಯಿಗೆ ನಾವು ಕೊಟ್ಟ ಉತ್ತರ ಇದು: ಅವ್ವಾ, ಕತ್ತರಿ ಆಗಲೇ ಆಡಿಬಿಟ್ಟಿದೆ. ಅದು ಆಡಿದ್ದು ನಿಮ್ಮ ಮಗನ ಮೇಲೆಯೇ. 2022ರ ಜೂನ್ 14ರಂದು ಸರಕಾರ ಅಗ್ನಿಪಥ ಯೋಜನೆ ಸಾರಿತು. ಆ ಯೋಜನೆಯ ಪ್ರಕಾರ ಹುಡುಗ ನಾಲ್ಕು ವರ್ಷ ಸೇವೆ ಮಾಡಬೇಕು; ನೂರರಲ್ಲಿ ಹೆಚ್ಚೆಂದರೆ 25 ಮಂದಿಯನ್ನು ಮುಂದುವರಿಸುವುದು, ಉಳಿದ 75 ಮಂದಿಯನ್ನು ಮನೆಗೆ ಕಳಿಸುವುದು. ಹೊರಡುವಾಗ ಸೇವಾ ನಿಧಿ ಎಂದು ಸುಮಾರು 11 ಲಕ್ಷ 71 ಸಾವಿರ ರೂಪಾಯಿ. ಅದರಲ್ಲಿ ಅರ್ಧ ಅವನ ಪಗಾರದಲ್ಲಿಯೇ ಮುರಿದುಕೊಂಡದ್ದು. ಪೆನ್ಶನ್ನು ಇಲ್ಲ, ಗ್ರಾಚ್ಯುಟಿ ಇಲ್ಲ.

ಸೇನೆಯ ಸರಾಸರಿ ವಯಸ್ಸು ಇಳಿಯಬೇಕು, ಅದಕ್ಕಾಗಿ ಇದು ಎಂದು ಸರಕಾರ ಹೇಳಿತು. ಹರೆಯದ ಸೇನೆ ಬೇಕೆಂಬುದು ತಪ್ಪಲ್ಲ. ಆದರೆ ಮೊದಲು ಹೇಳಿದ ಮೂರು ಕಲಮುಗಳನ್ನು ನೆನಪಿಸಿಕೊಳ್ಳಿ. ಪೆನ್ಶನ್ನು, ಖರೀದಿ, ದಿನದ ಖರ್ಚು. ಈ ಮೂರರಲ್ಲಿ ಮುಂದಿನ ಕಾಲಕ್ಕೆ ಇಳಿಯುವಂತೆ ಕಟ್ಟಿದ್ದು ಯಾವುದನ್ನು? ಪೆನ್ಶನ್ನನ್ನು. ಗಿರಣಿಯ ಅಣ್ಣತಮ್ಮಂದಿರಿಗೆ ಈ ಪದ್ಧತಿ ಹೊಸದಲ್ಲ. ಕಾಯಂ ಕೆಲಸಗಾರನನ್ನು ತೆಗೆದು ಕಂತ್ರಾಟದವನನ್ನು ಇಟ್ಟುಕೊಂಡು ಮಾಲೀಕ ಖರ್ಚು ಉಳಿಸುವ ರೀತಿ ನೀವು ಕಂಡದ್ದೇ. ಅದೇ ರೀತಿ ಈಗ ಬಂದೂಕು ಹಿಡಿದವನ ಮನೆಗೂ ಬಂತು.

ಅತ್ತ ಖರೀದಿಯ ಕಲಮಿನಲ್ಲಿ ಏನು ನಡೆದಿದೆ? ಸ್ವೀಡನ್ನಿನ ಸಿಪ್ರಿ ಸಂಸ್ಥೆಯ ಲೆಕ್ಕದಂತೆ 2020ರಿಂದ 2024ರವರೆಗೆ ಜಗತ್ತಿನಲ್ಲಿ ಅತಿ ಹೆಚ್ಚು ಆಯುಧ ಆಮದು ಮಾಡಿಕೊಂಡ ದೇಶ ಉಕ್ರೇನ್, ಎರಡನೆಯದು ಭಾರತ. ಖರೀದಿ ಇದ್ದಲ್ಲಿ ದಲಾಲಿಯ ವಾಸನೆ ಬರುತ್ತದೆ. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಜೀಪು ಖರೀದಿಯ ಗದ್ದಲವಾಯಿತು. 1986ರಲ್ಲಿ ಬೋಫೋರ್ಸ್ ತೋಪಿಗೆ 1,437 ಕೋಟಿಯ ಕರಾರಾಯಿತು. ಲಂಚ ಹರಿದಿದೆಯೆಂದು 1987ರಲ್ಲಿ ಸ್ವೀಡನ್ನಿನ ರೇಡಿಯೋ ಹೇಳಿತು. ದಶಕಗಟ್ಟಲೆ ಮೊಕದ್ದಮೆ ನಡೆದರೂ ಇಲ್ಲಿ ಯಾರಿಗೂ ಶಿಕ್ಷೆಯಾಗಲಿಲ್ಲ. ಆ ತೋಪುಗಳು 1999ರಲ್ಲಿ ಕಾರ್ಗಿಲ್ಲಿನಲ್ಲಿ ಚೆನ್ನಾಗಿ ಕೆಲಸ ಮಾಡಿದವು ಎಂಬುದೂ ನಿಜ. ತೋಪು ಒಳ್ಳೆಯದಿದ್ದ ಮಾತ್ರಕ್ಕೆ ದಲಾಲಿಯ ಪ್ರಶ್ನೆ ಮುಗಿಯುವುದಿಲ್ಲ. ಒಳ್ಳೆಯ ಜೋಳ ಕೊಂಡರೂ ತೂಕದಲ್ಲಿ ಮೋಸವಾಗಿದ್ದರೆ ನೀವು ಬಿಡುತ್ತೀರಾ?

ಸಿಪಾಯಿಯ ಬೂಟಿಗೆ ಮತ್ತೆ ಬರೋಣ. 2020ರ ಫೆಬ್ರುವರಿಯಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿ, ಎತ್ತರದ ಹಿಮದಲ್ಲಿ ಕಾಯುವ ಸೈನಿಕರಿಗೆ ಬೂಟು, ಕನ್ನಡಕ, ಬಟ್ಟೆಗಳ ಕೊರತೆಯಾಗಿದೆ, ತಡವಾಗಿದೆ ಎಂದು ಹೇಳಿತು. ಅದು ಹಿಂದಿನ ವರ್ಷಗಳ ಮಾತು, ಕೊರತೆ ತುಂಬಿಸಿದ್ದೇವೆ ಎಂದು ಸೇನೆ ಹೇಳಿತು. ತುಂಬಿಸಿದ್ದರೆ ಸಂತೋಷ. ಆದರೆ 1962ರ ಬೂಟಿನ ದೂರು 58 ವರ್ಷಗಳ ಮೇಲೆ, ಖರ್ಚು ನೂರಾರು ಪಟ್ಟು ಏರಿದ ಮೇಲೆ, ಮತ್ತೆ ಕಾಗದದಲ್ಲಿ ಏಕೆ ಕಾಣಬೇಕು? 2016ರ ಫೆಬ್ರುವರಿಯಲ್ಲಿ ಸಿಯಾಚಿನ್ನಿನಲ್ಲಿ ಹಿಮ ಕುಸಿದು ಹತ್ತು ಜವಾನರು ಸಿಕ್ಕಿಬಿದ್ದರು. ಅವರಲ್ಲಿ ನಮ್ಮ ಧಾರವಾಡ ಜಿಲ್ಲೆಯ ಬೆಟದೂರಿನ ಹಣಮಂತಪ್ಪ ಕೊಪ್ಪದ ದಿನಗಟ್ಟಲೆ ಹಿಮದಡಿ ಜೀವ ಹಿಡಿದಿದ್ದು, ಹೊರತೆಗೆದ ಮೇಲೆ ದಿಲ್ಲಿಯಲ್ಲಿ ತೀರಿಕೊಂಡರು. ಹತ್ತರಲ್ಲಿ ಒಬ್ಬರೂ ಉಳಿಯಲಿಲ್ಲ. ಅಂಥ ಚಳಿಯಲ್ಲಿ ನಿಲ್ಲುವವನ ಬೂಟಿನ ಕಲಮಿಗೆ ಯಾರೂ ಕತ್ತರಿ ಹಚ್ಚಕೂಡದು ಎಂಬುದೇ ನಮ್ಮ ಮಾತು.

ಟಿಕೋಟಾದಲ್ಲಿ ಕೇಳಿದ ಪ್ರಶ್ನೆಗಳು

ಟಿಕೋಟಾದಲ್ಲಿ ಒಬ್ಬ ಯುವಕ ಕೇಳಿದ: "2020ರಲ್ಲಿ ಗಾಲ್ವಾನದಲ್ಲಿ 20 ಜವಾನರು ಸತ್ತರು. 2025ರ ಏಪ್ರಿಲ್ಲಿನಲ್ಲಿ ಪಹಲಗಾಮದಲ್ಲಿ 26 ಜನರನ್ನು ಕೊಂದರು, ಮೇ ತಿಂಗಳಲ್ಲಿ ಕಾಳಗವೇ ಆಯಿತು. ಹೀಗಿರುವಾಗ ಕಡಿತವೇ?"

ಆ ಯುವಕನ ಸಿಟ್ಟು ನಮ್ಮದೂ ಹೌದು. ಒಬ್ಬರೇ ಬಂದೂಕು ಕೆಳಗಿಡಬೇಕೆಂದು ನಾವು ಹೇಳುವುದಿಲ್ಲ. ಇಬ್ಬರೂ ಸೇರಿ ಇಳಿಸಬೇಕು, ಅದಕ್ಕೆ ಮಾತುಕತೆ ಬೇಕು. ಇದು ಕನಸಲ್ಲ, ನಡೆದದ್ದು. 1987ರಲ್ಲಿ ಅಮೇರಿಕಾ ಮತ್ತು ಸೋವಿಯತ್ ರಷ್ಯಾ ಕರಾರು ಮಾಡಿಕೊಂಡು 1991ರೊಳಗೆ 2,692 ಕ್ಷಿಪಣಿಗಳನ್ನು ನಾಶ ಮಾಡಿದವು. ಆ ದಶಕದಲ್ಲಿ ಜಗತ್ತಿನ ಸೇನಾ ಖರ್ಚು ಸುಮಾರು ಮೂರರಲ್ಲಿ ಒಂದು ಪಾಲು ಇಳಿಯಿತು. 2019ರಲ್ಲಿ ಆ ಕರಾರು ಮುರಿಯಿತು. 2024ರಲ್ಲಿ ಜಗತ್ತು ಸೇನೆಗೆ ಸುರಿದದ್ದು 2 ಲಕ್ಷ 71 ಸಾವಿರ 800 ಕೋಟಿ ಡಾಲರು. ಕರಾರು ಇದ್ದಾಗ ಇಳಿಯಿತು, ಮುರಿದಾಗ ಏರಿತು. ನಮ್ಮ ನೆರೆಹೊರೆಯಲ್ಲಿಯೂ ಉದಾಹರಣೆ ಇದೆ. ಪರಸ್ಪರರ ಅಣು ಕೇಂದ್ರಗಳ ಮೇಲೆ ದಾಳಿ ಮಾಡಬಾರದೆಂದು ಭಾರತ-ಪಾಕಿಸ್ತಾನ 1988ರಲ್ಲಿ ಒಪ್ಪಿ, 1992ರಿಂದ ಜನವರಿ 1ರಂದು ಪಟ್ಟಿ ಬದಲಿಸಿಕೊಳ್ಳುತ್ತ ಬಂದವು. ಕಾರ್ಗಿಲ್ಲಾದ ಮೇಲೂ ಆ ಪಟ್ಟಿ ನಿಲ್ಲಲಿಲ್ಲ. ವೈರಿಯ ಜೊತೆಗೂ ಲೆಕ್ಕದ ವ್ಯವಹಾರ ಸಾಧ್ಯ.

ಇನ್ನೊಬ್ಬರು, ಓದಿದ ವ್ಯಾಪಾರಸ್ಥರು, ಕೇಳಿದರು: "ದೇಶದ ಉತ್ಪನ್ನದ ಲೆಕ್ಕದಲ್ಲಿ ರಕ್ಷಣಾ ಖರ್ಚು ಇಳಿದಿದೆ. 1963-64ರಲ್ಲಿ ನೂರಕ್ಕೆ ನಾಲ್ಕರ ಹತ್ತಿರ ಇತ್ತು, 2025-26ರಲ್ಲಿ ಎರಡಕ್ಕೂ ಕಡಿಮೆ. ಮತ್ತೇಕೆ ಕಡಿತ?" ಅವರ ಅಂಕಿ ಸರಿ. ಆದರೆ ದೇಶದ ಉತ್ಪನ್ನವೆಲ್ಲ ಸರಕಾರದ ಗಲ್ಲೆಗೆ ಬರುವುದಿಲ್ಲ. ಗಲ್ಲೆಗೆ ಬಂದದ್ದರಲ್ಲಿ ಎಷ್ಟು ಎಲ್ಲಿಗೆ ಹೋಯಿತೆಂದು ನೋಡುವುದು ವ್ಯಾಪಾರಿಯ ಲೆಕ್ಕ. ಆ ಗಲ್ಲೆಯಿಂದಲೇ ಶಾಲೆಗೂ ಕೊಡಬೇಕು, ದವಾಖಾನೆಗೂ ಕೊಡಬೇಕು.

ಉಳಿದ ರೂಪಾಯಿಗೆ ಹೆಸರು ಬೇಕು

ಒಂದು ಎಚ್ಚರಿಕೆಯ ಮಾತು. ಉಳಿಸಿದ ಹಣ ತಾನಾಗಿಯೇ ಬಡವನ ಮನೆಗೆ ನಡೆದು ಬರುವುದಿಲ್ಲ. 2019ರಲ್ಲಿ ಕಂಪನಿಗಳ ತೆರಿಗೆಯನ್ನು ನೂರಕ್ಕೆ 30ರಿಂದ 22ಕ್ಕೆ ಇಳಿಸಿದಾಗ ವರ್ಷಕ್ಕೆ 1 ಲಕ್ಷ 45 ಸಾವಿರ ಕೋಟಿ ಬಿಟ್ಟುಕೊಟ್ಟೆವೆಂದು ಸರಕಾರವೇ ಹೇಳಿತು. ಸೇನೆಯಲ್ಲಿ ಉಳಿಸಿ ಬಂಡವಾಳಶಾಹಿಗೆ ಕೊಡುವುದಾದರೆ ಆ ಉಳಿತಾಯ ನಮಗೆ ಬೇಡ. ಬರಗಾಲದ ನಿಧಿಯ ಪಾಠವೇ ಅದು: ಹೆಸರು ಬರೆದಿಟ್ಟ ಹಣವೇ ಬೇರೆಡೆಗೆ ಹೋಗಿರುವಾಗ, ಹೆಸರಿಲ್ಲದ ಹಣ ಎಲ್ಲಿ ನಿಲ್ಲುತ್ತದೆ?

ನಮ್ಮ ಜಿಲ್ಲೆಯ ಹೆಸರು ಬರೆಯುವುದಾದರೆ ಅದು ಕೃಷ್ಣೆಯ ನೀರು. ಆಲಮಟ್ಟಿಯ ಅಡಿಗಲ್ಲನ್ನು 1964ರ ಮೇ 22ರಂದು ಲಾಲಬಹಾದ್ದೂರ ಶಾಸ್ತ್ರಿಯವರು ಇಟ್ಟರು. ಮುಂದಿನ ವರ್ಷ ಪ್ರಧಾನಿಯಾಗಿ ಜೈ ಜವಾನ್, ಜೈ ಕಿಸಾನ್ ಎಂದವರೂ ಅವರೇ. ಅಣೆಕಟ್ಟಿನ ಲೋಕಾರ್ಪಣೆಯಾದದ್ದು 2006ರಲ್ಲಿ. ನೀರನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಬಹುದೆಂದು ನ್ಯಾಯಾಧಿಕರಣ 2010ರಲ್ಲಿ ತೀರ್ಪು ಕೊಟ್ಟಿತು. ಅದಕ್ಕೆ ಬೇಕಾದ ಜಮೀನಿಗೆ ಸುಮಾರು 70 ಸಾವಿರ ಕೋಟಿ ಬೇಕೆಂದು 2025ರಲ್ಲಿ ರಾಜ್ಯ ಸರಕಾರ ಅಂದಾಜು ಮಾಡಿತು. ಅಲ್ಲಿ ಹಣವೊಂದೇ ಅಡ್ಡಿಯಲ್ಲ, ರಾಜ್ಯ-ರಾಜ್ಯಗಳ ವ್ಯಾಜ್ಯವೂ ಇದೆ. ಅದು ರಾಜ್ಯದ ಖಾತೆ, ಇದು ಕೇಂದ್ರದ ಖಾತೆ ಎಂಬುದೂ ನಮಗೆ ಗೊತ್ತು. ಅಳತೆ ತಿಳಿಯಲೆಂದು ಹೇಳುತ್ತೇವೆ: 2025-26ರ ಲೆಕ್ಕದಲ್ಲಿ ಅದು ದೇಶದ 38 ದಿನಗಳ ರಕ್ಷಣಾ ಖರ್ಚು. ವರ್ಷಕ್ಕೆ ನೂರಕ್ಕೆ 5ರಂತೆ ಎರಡು ವರ್ಷ ಉಳಿಸಿದರೆ ಸುಮಾರು 68 ಸಾವಿರ ಕೋಟಿ ಆಗುತ್ತದೆ. ನೀರು ಬಂದರೆ ಬಬಲೇಶ್ವರದ ಹುಡುಗ ಸೇನೆಗೆ ಹೋಗಲೂಬಹುದು, ಹೊಲದಲ್ಲಿ ನಿಲ್ಲಲೂಬಹುದು. ಈಗ ಅವನಿಗೆ ಆ ಆಯ್ಕೆಯೇ ಇಲ್ಲ.

ನಮ್ಮ ಬೇಡಿಕೆಗಳು

ಆದುದರಿಂದ ಈ ಸಭೆಯ ಮುಂದೆ ನಾಲ್ಕು ಬೇಡಿಕೆಗಳ ಠರಾವನ್ನು ಇಡುತ್ತೇವೆ.

ಒಂದು: ಸಿಪಾಯಿಯ ಪಗಾರ, ಊಟ, ಬೂಟು, ಪೆನ್ಶನ್ನುಗಳಿಗೆ ಕತ್ತರಿ ಹಚ್ಚಬಾರದು. ನಾಲ್ಕು ವರ್ಷದ ಕಂತ್ರಾಟದ ನೌಕರಿ ಹೋಗಿ ಕಾಯಂ ನೌಕರಿ ಬರಬೇಕು.

ಎರಡು: ಕಡಿತ ಖರೀದಿಯ ಕಲಮಿನಿಂದ ಶುರುವಾಗಬೇಕು. ದಲಾಲಿ, ಅನವಶ್ಯಕ ಆಮದು, ಮೇಲಧಿಕಾರಿಗಳ ಆಡಂಬರ ಇವು ಮೊದಲು ಹೋಗಬೇಕು. ಶತ್ರುವಿಗೆ ತಿಳಿಯಬಾರದ ಗುಟ್ಟು ಗುಟ್ಟಾಗಿಯೇ ಇರಲಿ. ಬೆಲೆ, ದಲಾಲಿಗಳ ಲೆಕ್ಕ ಸಂಸತ್ತಿನಲ್ಲಿ ಬಿಚ್ಚಿ ಚರ್ಚೆಯಾಗಲಿ.

ಮೂರು: ಗಡಿಯ ಎಚ್ಚರ ಬಿಡದೆ, ನೆರೆಯ ದೇಶಗಳೊಡನೆ ಇಬ್ಬರೂ ಇಳಿಸುವ ಮಾತುಕತೆಯ ಬಾಗಿಲನ್ನು ಸರಕಾರ ತೆರೆದಿಡಬೇಕು.

ನಾಲ್ಕು: ಉಳಿಸಿದ ಪ್ರತಿ ರೂಪಾಯಿಗೂ ನೀರು, ಶಾಲೆ, ದವಾಖಾನೆ, ಕೆಲಸ ಎಂದು ಮುಂಗಡಪತ್ರದಲ್ಲಿಯೇ ಹೆಸರು ಬರೆದಿರಬೇಕು.

ಬಂಧುಗಳೇ, ಈ ಠರಾವು ಇಲ್ಲಿ ಕೈ ಎತ್ತಿದ ಮಾತ್ರಕ್ಕೆ ಮುಗಿಯುವುದಿಲ್ಲ. ಓಟು ಕೇಳಲು ಯಾವ ಪಕ್ಷದವರೇ ಬರಲಿ, ನಮ್ಮವರೇ ಬರಲಿ, ಗಿರಣಿಯ ಬಾಗಿಲಲ್ಲಿ, ಅಂಗಡಿಯ ಕಟ್ಟೆಯ ಮೇಲೆ ನಿಲ್ಲಿಸಿ ಕೇಳಿರಿ: ಪೆನ್ಶನ್ನು, ಖರೀದಿ, ದಿನದ ಖರ್ಚು ಈ ಮೂರು ಕಲಮುಗಳಲ್ಲಿ ನಿಮ್ಮ ಕತ್ತರಿ ಯಾವುದರ ಮೇಲೆ? ಉತ್ತರ ಹೇಳದವರಿಗೆ ಓಟಿಲ್ಲ ಎಂದು ಹೇಳಿರಿ. ಲೆಕ್ಕ ಕೇಳುವ ಗಿರಾಕಿ ಇದ್ದರೆ ತಕ್ಕಡಿ ನೆಟ್ಟಗಿರುತ್ತದೆ ಎಂಬುದು ಪೇಟೆಯಲ್ಲಿ ಕುಳಿತ ನಿಮಗೆ ನಾವು ಹೇಳಬೇಕಾದ ಮಾತಲ್ಲ.

ಠರಾವನ್ನು ಈಗ ಓದಿ ಹೇಳುತ್ತಾರೆ. ಒಪ್ಪುವವರು ಕೈ ಎತ್ತಿರಿ. ಒಪ್ಪದವರು ಎದ್ದು ನಿಂತು ಕಾರಣ ಹೇಳಿರಿ, ಕೇಳುತ್ತೇವೆ.